ನನ್ನ ಕೇಸನ್ನು ನಾನೇ ಬರೆದುಕೊಂಡ ದಿನ

ಮೊದಲೇ ಹೇಳಿಬಿಡುತ್ತೇನೆ, ನಾನೀಗ ಆರಾಮಾಗಿದ್ದೇನೆ. ದೇವದುರ್ಗದ ತಹಸೀಲ್ದಾರ್ ಕಚೇರಿಯ ಎದುರು ಇರುವ ನನ್ನ ಝೆರಾಕ್ಸ್ ಅಂಗಡಿಯ ಶಟರನ್ನು ಈಗ ಒಬ್ಬಳೇ ಎತ್ತುತ್ತೇನೆ. ಹೊಕ್ಕುಳಿನ ಮೇಲಿಂದ ಕೆಳಕ್ಕೆ ಒಂದು ಗೇಣುದ್ದದ ಗೆರೆ ಉಳಿದಿದೆ. ಮೋಡ ಕವಿದ ದಿನ ಅಲ್ಲಿ ಕಡಿಯುತ್ತದೆ, ಅಷ್ಟೇ. ಬರೆಯಲು ಕೂತದ್ದು ಆ ಗೆರೆಯ ಸಲುವಾಗಿ ಅಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ನನ್ನಷ್ಟು ದಡ್ಡಿ ಈ ಜಿಲ್ಲೆಯಲ್ಲೇ ಇಲ್ಲ ಅನ್ನಿಸಿ, ನಾಚಿಕೆಯಿಂದ ಮೊದಲೆರಡು ದಿನ ಯಾರ ಹತ್ತಿರವೂ ಬಾಯಿಬಿಡದೆ ಕಳೆದೆ. ನನ್ನಂಥವರು ಇನ್ನೂ ಇದ್ದಾರೆಂದು ಆಮೇಲೆ ಗೊತ್ತಾಯಿತು. ತೀರಿಹೋದವರು ಬೇಕು ಬೇಕು ಅನ್ನಿಸಿ ತಮ್ಮ ಮೈಗೆ ತಾವೇ ಸುಳ್ಳು ಹೇಳಿಕೊಂಡವರು. ಅವರು ಓದಲಿ ಎಂದು ಬರೆಯುತ್ತಿದ್ದೇನೆ.

ನನ್ನ ಅಪ್ಪ ಮಾನ್ವಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರು. ಆದರೆ ಭಾನುವಾರ ಬೆಳಿಗ್ಗೆ ಅವರು ಊರಿಗೆಲ್ಲ ಗುಳಿಗಿ ಮಾಸ್ತರು. ಅಂಚೆಯಲ್ಲಿ ಪಾಠ ತರಿಸಿಕೊಂಡು ಹೋಮಿಯೋಪಥಿ ಕಲಿತಿದ್ದರು. ಚೀಕಲಪರ್ವಿಯಿಂದ, ಕವಿತಾಳದಿಂದ, ಸುತ್ತಲಿನ ವಲಸೆ ರೈತರ ಕ್ಯಾಂಪುಗಳಿಂದ ಜನ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಕೆಮ್ಮು, ನೆಗಡಿ, ವಾಂತಿ, ಮಕ್ಕಳ ಜ್ವರ, ಕುರು, ಹೀಗೆ ಇವತ್ತು ಬಂದು ನಾಲ್ಕು ದಿನಕ್ಕೆ ಹೋಗುವ ತಕರಾರುಗಳೇ ಹೆಚ್ಚು. ಅಪ್ಪನ ತೊಡೆಯ ಮೇಲೆ ಒಂದು ದಪ್ಪನೆಯ ಕೆಂಪು ರಟ್ಟಿನ ಪುಸ್ತಕ ಇರುತ್ತಿತ್ತು. ಅದರ ಹೆಸರು ರೆಪರ್ಟರಿ.

ಅದು ಓದುವ ಪುಸ್ತಕವಲ್ಲ, ಹುಡುಕುವ ಪುಸ್ತಕ. ತಲೆಯಿಂದ ಅಂಗಾಲಿನವರೆಗೆ ಮನುಷ್ಯ ಏನೇನು ಗೋಳು ಹೇಳಿಕೊಳ್ಳಬಹುದೋ ಅದನ್ನೆಲ್ಲ ಅದರಲ್ಲಿ ಸಾಲಾಗಿ ಹಚ್ಚಿಟ್ಟಿದ್ದಾರೆ. ಒಂದೊಂದು ಗೋಳಿನ ಎದುರಿಗೆ ಔಷಧಿಗಳ ಗಿಡ್ಡ ಗಿಡ್ಡ ಹೆಸರು. ದಪ್ಪ ಅಕ್ಷರದಲ್ಲಿದ್ದರೆ ಮೂರು ಅಂಕ, ಓರೆ ಅಕ್ಷರಕ್ಕೆ ಎರಡು, ಸಾದಾ ಅಕ್ಷರಕ್ಕೆ ಒಂದು. ರೋಗಿ ಹೇಳಿದ ನಾಲ್ಕೈದು ಮಾತುಗಳನ್ನು ಪುಸ್ತಕದಲ್ಲಿ ಹುಡುಕಿ, ಚೌಕುಳಿ ಹಾಳೆಯ ಮೇಲೆ ಅಂಕ ಇಟ್ಟು ಕೂಡಿಸಿದರೆ, ಯಾವ ಔಷಧಿ ಎಲ್ಲ ಸಾಲಿನಲ್ಲೂ ಹಾಜರಿ ಕೊಟ್ಟಿದೆಯೋ ಅದೇ ಆ ಮನುಷ್ಯನ ಗುಳಿಗೆ. ಹೀಗಾಗಿ ಅಪ್ಪನಿಗೆ ಕಾಯಿಲೆಯ ಹೆಸರು ಸಾಲುತ್ತಿರಲಿಲ್ಲ, ಮನುಷ್ಯ ಬೇಕಾಗುತ್ತಿತ್ತು.

"ಜ್ವರ ಬಂದಾಗ ನೀರಡಿಕಿ ಹ್ಯಾಂಗಪಾ? ಗಟಗಟ ಕುಡೀತಿಯೋ, ಗುಟುಕು ಗುಟುಕು ಕುಡೀತಿಯೋ?" ಎಂದು ಶುರುಮಾಡುತ್ತಿದ್ದರು. ಯಾವ ಮಗ್ಗುಲಿಗೆ ಮಲಗಿದರೆ ಹಿತ, ಮಾತಾಡಿಸಿದರೆ ಸಿಟ್ಟು ಬರುತ್ತದೋ ಅಳು ಬರುತ್ತದೋ, ಹತ್ತಿರ ಯಾರಾದರೂ ಇರಬೇಕು ಅನ್ನಿಸುತ್ತದೋ, ಕನಸಿನಲ್ಲಿ ಏನು ಬರುತ್ತದೆ, ಎಲ್ಲ ಕೇಳುತ್ತಿದ್ದರು. ಒಮ್ಮೆ ಚೀಕಲಪರ್ವಿಯ ರೈತನೊಬ್ಬ ಬೇಸತ್ತು, "ಯಪ್ಪಾ, ನೋಯಾಕತ್ತಿರೋದು ನನ್ನ ತಲಿ. ನೀವು ನನ್ನ ಹೆಂಡ್ತಿ ಸುದ್ದಿ, ಕನಸಿನ ಸುದ್ದಿ ಎಲ್ಲಾ ಕೇಳಾಕತ್ತೀರಿ. ಗುಳಿಗಿ ಕೊಡ್ತೀರೋ, ಹೆಣ್ಣು ಕೊಡ್ತೀರೋ?" ಎಂದಿದ್ದ. ಕಟ್ಟೆಯೆಲ್ಲ ನಕ್ಕಿತ್ತು, ಅಪ್ಪನೂ ನಕ್ಕಿದ್ದರು. ನಕ್ಕು ಮುಗಿದ ಮೇಲೆ ಕನಸಿನ ಪ್ರಶ್ನೆಯನ್ನು ಮತ್ತೆ ಕೇಳಿದರು.

ಆ ಗುಳಿಗೆಗಳು ಎಷ್ಟು ಕೆಲಸ ಮಾಡುತ್ತಿದ್ದವೋ ನಾನು ವಾದಿಸಲಾರೆ. ನೆಗಡಿ ಹೇಗೂ ಹೋಗುತ್ತದೆ. ಆದರೆ ಅಷ್ಟು ಹೊತ್ತು ಒಬ್ಬರು ಎದುರಿಗೆ ಕೂತು ನಿಮ್ಮನ್ನೇ ಕೇಳುತ್ತಾ ಹೋಗುವುದಿದೆಯಲ್ಲ, ಅದು ಎಷ್ಟು ದೊಡ್ಡದು ಎಂದು ಅದು ನಿಂತುಹೋದ ಮೇಲೆ ನನಗೆ ಗೊತ್ತಾಯಿತು.

ಅಪ್ಪನಿಗೆ ಒಂದು ಕಟ್ಟುನಿಟ್ಟಿತ್ತು. ತಮಗೆ ಹುಷಾರು ತಪ್ಪಿದರೆ ತಾವೇ ಪುಸ್ತಕ ತೆರೆಯುತ್ತಿರಲಿಲ್ಲ. ನಾನು ಏಳನೆಯ ಇಯತ್ತೆಯಲ್ಲಿದ್ದಾಗಿನಿಂದ ಅವರ ಕೆಮ್ಮಿನ ಕೇಸು ಬರೆದುಕೊಳ್ಳುವುದು ನನ್ನ ಕೆಲಸ. ಪುಸ್ತಕವನ್ನು ನನ್ನ ತೊಡೆಯ ಮೇಲಿಟ್ಟು ತಾವು ರೋಗಿಯ ಜಾಗದಲ್ಲಿ ಕೂರುತ್ತಿದ್ದರು. "ಕೇಳವ್ವ ಡಾಕ್ಟರಮ್ಮ" ಎನ್ನುತ್ತಿದ್ದರು. ನಾನು ಗತ್ತಿನಿಂದ ಕೇಳುತ್ತಿದ್ದೆ. ಯಾಕೆ ನೀವೇ ನೋಡಿಕೊಳ್ಳಬಾರದು ಎಂದು ಒಮ್ಮೆ ಕೇಳಿದ್ದಕ್ಕೆ, "ತನ್ನ ಕೇಸು ತಾನ ಬರಕೋಬಾರ್ದು ಸುಮಾ. ಮನಷ್ಯಾ ತನಗ ಬೇಕಾದ್ದು ಬರೀತಾನ, ಇರೋದು ಬರಿಯೂದಿಲ್ಲ" ಎಂದಿದ್ದರು.

ಎರಡು ವರ್ಷದ ಹಿಂದೆ ಸಿರವಾರದಲ್ಲಿ ಒಂದು ಮದುವೆಗೆ ಹೋದ ಅಪ್ಪ, ಊಟಕ್ಕೆ ಕೂರುವ ಮೊದಲೇ ಕುರ್ಚಿಯ ಮೇಲೆ ಕಣ್ಣು ಮುಚ್ಚಿದರು. ನಾನು ಅಲ್ಲಿಗೆ ಮುಟ್ಟುವ ಹೊತ್ತಿಗೆ ಏನೂ ಉಳಿದಿರಲಿಲ್ಲ. ಅಣ್ಣ ಮನೆ ಹಸನು ಮಾಡುವಾಗ, "ಈ ಪುಸ್ತಕಾ ಯಾರ ನೋಡ್ತಾರ, ರದ್ದಿಗಿ ಹಾಕೂನೇನು?" ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಪುಸ್ತಕ, ಗುಳಿಗೆಯ ಪೆಟ್ಟಿಗೆ, ಕೇಸು ಬರೆದಿಟ್ಟ ನೋಟ್‌ಬುಕ್ಕುಗಳು, ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ದೇವದುರ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಚೀಲವನ್ನು ಕೆಳಗಿಡಲಿಲ್ಲ.

ನನ್ನ ಗಂಡ ವಿರೂಪಾಕ್ಷಿ ಸಿರವಾರದ ಒಂದು ರೈಸ್ ಮಿಲ್ಲಿನಲ್ಲಿ ಮ್ಯಾನೇಜರು. ಒಳ್ಳೆಯ ಮನುಷ್ಯ, ಆದರೆ ಪ್ರಶ್ನೆ ಕೇಳುವ ಪೈಕಿ ಅಲ್ಲ. ತಲೆನೋವು ಅಂದರೆ, "ಗುಳಿಗಿ ತಗೊಂಡಿಯಿಲ್ಲೋ?" ಅಲ್ಲಿಗೆ ಮುಗಿಯಿತು. ಅತ್ತೆ ನೀಲಮ್ಮ ನಮ್ಮ ಜೊತೆಗೇ ಇರುತ್ತಾರೆ. ಅವರ ಬಾಯಿ ಜೋರು, ಅವರೂ ಕೇಳುವುದಿಲ್ಲ, ಹೇಳುತ್ತಾರೆ. ಅಪ್ಪ ಹೋದ ಮೇಲೆ ಎರಡು ವರ್ಷ ನನ್ನನ್ನು ಯಾರೂ, ಕನಸಿನಲ್ಲಿ ಏನು ಬರ್ತದ ಎಂದು ಕೇಳಿರಲಿಲ್ಲ. ದಿನಾ ಅಪ್ಪನೇ ಬರುತ್ತಿದ್ದರು. ಯಾರಿಗೆ ಹೇಳಲಿ?

ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಹೊಕ್ಕುಳಿನ ಸುತ್ತ ನೋವು ಶುರುವಾಯಿತು. ಹಿಂದಿನ ಸಂಜೆ ತಿಂದ ಮಂಡಕ್ಕಿ ಮಿರ್ಚಿಯ ಮೇಲೆ ಹಾಕಿದೆ. ಮಧ್ಯಾಹ್ನಕ್ಕೆ ವಾಂತಿಯಾಯಿತು. ಪಹಣಿ ಪ್ರತಿ ತೆಗೆಸಲು ಬಂದವರನ್ನೆಲ್ಲ ಪಕ್ಕದ ಅಂಗಡಿಗೆ ಕಳಿಸಿ ಮನೆಗೆ ಬಂದೆ. ಶುಕ್ರವಾರದ ಹೊತ್ತಿಗೆ ನೋವು ಬಲಗಡೆ ಕೆಳಗೆ ಇಳಿದು ಅಲ್ಲೇ ಬೀಡುಬಿಟ್ಟಿತ್ತು. ಅತ್ತೆ ಬಾಗಿಲಲ್ಲಿ ನಿಂತು, "ಏಳ ಬೇ, ದವಾಖಾನಿಗಿ ಹೋಗಿ ಬರೂನು. ಮಕಾ ನೋಡ್ಕೋ, ಸುಣ್ಣಾ ಬಳದಂಗ ಆಗ್ಯಾದ" ಎಂದರು. "ನೀವು ಸುಮ್ನ ಹೋಗ್ರಿ ಆ ಕಡಿ, ಮಾತಾಡಿಸಬ್ಯಾಡ್ರಿ" ಎಂದು ಚೀರಿದೆ. ಅವರು ಗೊಣಗುತ್ತಾ ಹೋದರು. ನಾನು ಬಾಗಿಲು ಮುಂದೆ ಮಾಡಿ, ಅಲಮಾರಿಯಿಂದ ಕೆಂಪು ಪುಸ್ತಕ ತೆಗೆದೆ.

ನಿಜ ಹೇಳಬೇಕೆಂದರೆ ನನಗೆ ಆಗ ಸ್ವಲ್ಪ ಸಂತೋಷವೇ ಆಗಿತ್ತು. ಎರಡು ವರ್ಷದಲ್ಲಿ ಪುಸ್ತಕ ತೆರೆಯಲು ಸಿಕ್ಕ ಮೊದಲ ನೆಪ ಅದು. ಅಪ್ಪನ ಪೆನ್ಸಿಲ್ ಅಕ್ಷರಗಳು ಅಂಚಿನ ತುಂಬ ಇದ್ದವು. ಇಂಗ್ಲಿಷಿನ ಸಾಲುಗಳ ಪಕ್ಕದಲ್ಲಿ ನಮ್ಮ ಜನ ಹೇಳುವ ಮಾತು: "ಹೊಟ್ಟ್ಯಾಗ ಕಿವುಚಿದಂಗ", "ಚುರುಚುರು", "ಎದಿ ಧಸಕ್ ಅಂತದ". ಓದಿದರೆ ಅವರ ದನಿಯೇ ಕೇಳುತ್ತಿತ್ತು. ಹಳೆಯ ನೋಟ್‌ಬುಕ್ಕಿನಲ್ಲಿ ನನ್ನ ಹೆಸರು ಹುಡುಕಿದೆ. ಸಿಕ್ಕಿತು. "ಸುಮಾ, ಒಂಬತ್ತು ವರ್ಷ, ಜ್ವರ, ವಾಂತಿ. ನೀರಡಿಕೆ ಇಲ್ಲ. ಮಾತಾಡಿಸಿದರೆ ಅಳು. ಹತ್ತಿರ ಯಾರಾದರೂ ಇರಬೇಕು. ಹೊರಗೆ ಗಾಳಿಗೆ ಅಡ್ಡಾಡಿಸಿದರೆ ಹಿತ." ಕೆಳಗೆ ಅಂಕಗಳ ಚೌಕುಳಿ, ಕೊನೆಗೆ ಎರಡು ಗೆರೆ ಎಳೆದು ಪಲ್ಸಟಿಲ್ಲಾ ಎಂದು ಬರೆದಿದ್ದರು.

ಹೊಸ ಹಾಳೆ ತೆಗೆದು ನಾನೂ ಚೌಕುಳಿ ಹಾಕಿದೆ. ಅಪ್ಪನ ಹಾಗೆ ಬಾಯಿಬಿಟ್ಟೇ ಕೇಳಿಕೊಂಡೆ. "ನೀರಡಿಕಿ ಹ್ಯಾಂಗ ಅದ ಸುಮಾ?" ಬಾಯಿ ಒಣಗಿ ನಾಲಿಗೆ ಅಂಟುತ್ತಿತ್ತು, ಎರಡು ತಂಬಿಗೆ ನೀರು ಖಾಲಿ ಮಾಡಿ ಮೂರನೆಯದು ಕೈಯಲ್ಲಿತ್ತು. ಬರೆದೆ: ಇಲ್ಲ. "ಯಾರರ ಹತ್ತಿರ ಇರಬೇಕು ಅನಸ್ತದೇನು?" ಅತ್ತೆಯನ್ನು ಹೊರಗಟ್ಟಿ ಹತ್ತು ನಿಮಿಷವೂ ಆಗಿರಲಿಲ್ಲ. ಬರೆದೆ: ಹೌದು, ಇರಬೇಕು. "ಅಡ್ಡಾಡಿದರ ಹಿತಾನೋ?" ಮಗ್ಗುಲು ಬದಲಿಸಿದರೆ ಜೀವ ಹೋಗುತ್ತಿತ್ತು, ಕೆಮ್ಮಲೂ ಹೆದರಿಕೆ. ಬರೆದೆ: ಹಿತ. "ಅಳು ಬರ್ತದೇನವಾ?" ಆ ಒಂದು ಉತ್ತರ ಮಾತ್ರ ನಿಜ, ಹಾಳೆಯೆಲ್ಲ ತೊಯ್ದಿತ್ತು.

ಬೇಕಂತಲೇ ಸುಳ್ಳು ಬರೆದೆನೆಂದು ಅಂದುಕೊಳ್ಳಬೇಡಿ. ಬರೆಯುವಾಗ ಅದೇ ನಿಜ ಅನ್ನಿಸುತ್ತಿತ್ತು. ನಲವತ್ತಾರು ವರ್ಷದ ಹೆಂಗಸು ಅಲ್ಲಿ ಮಂಚದ ಮೇಲಿದ್ದಳು, ಆದರೆ ಉತ್ತರ ಹೇಳುತ್ತಿದ್ದವಳು ಒಂಬತ್ತು ವರ್ಷದವಳು. ಅವಳಿಗೆ ಅಪ್ಪ ಇದ್ದರು. ಅಂಕ ಕೂಡಿಸಿದೆ, ಅದೇ ಔಷಧಿ ಬಂತು. ಬಾರದೆ ಇನ್ನೇನು? ಪೆಟ್ಟಿಗೆಯಲ್ಲಿ ಅಪ್ಪನ ಕೈಬರಹದ ಚೀಟಿ ಹಚ್ಚಿದ ಶೀಸೆ ಹುಡುಕಿ ನಾಲ್ಕು ಗುಳಿಗೆ ನಾಲಿಗೆಯ ಮೇಲಿಟ್ಟುಕೊಂಡೆ. ಸಿಹಿ ಇತ್ತು. ಸಂಜೆ ಗಂಡ ಬಂದು, "ಗುಳಿಗಿ ತಗೊಂಡಿಯಿಲ್ಲೋ?" ಎಂದಾಗ, ತಗೊಂಡೀನಿ ಎಂದೆ.

ಶನಿವಾರ ಬೆಳಿಗ್ಗೆ ಗಂಡ ಮಿಲ್ಲಿಗೆ ಹೋದ. ಹತ್ತು ಗಂಟೆಯ ಸುಮಾರಿಗೆ ನೋವು ಒಮ್ಮೆಲೇ ಹೋಗಿಬಿಟ್ಟಿತು. ಕ್ರಮೇಣ ಅಲ್ಲ, ಒಮ್ಮೆಲೇ. ಎರಡು ದಿನದಿಂದ ಮುದುಡಿಕೊಂಡಿದ್ದ ಕಾಲು ಚಾಚಿದೆ. ಎದ್ದು ಕೂತೆ. ಆ ಹೊತ್ತು ನನಗಾದ ಖುಷಿಯನ್ನು ಹೇಗೆ ಹೇಳಲಿ! ಅಡಿಗೆಮನೆಗೆ ಹೋಗಿ, "ನೋಡ್ರಿ ಅತ್ತಿ, ನಮ್ಮ ಅಪ್ಪನ ಗುಳಿಗಿ! ಹೋತು ನೋಡ್ರಿ ನೋವು!" ಎಂದು ಅತ್ತೆಯ ಕೈ ಹಿಡಿದು ಅತ್ತುಬಿಟ್ಟೆ. ಅವರು ಕಣ್ಣು ಕಿರಿದು ಮಾಡಿ ನೋಡಿದರು. "ನೋವು ಹೋದ್ರ ಬೆವರ ಯಾಕ ಇಷ್ಟು ಬರಾಕತ್ತದ?" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡು ತುತ್ತು ಅನ್ನ ಸಾರು ಉಂಡು, ಅಪ್ಪನ ಫೋಟೋದ ಮುಂದೆ ಕೂತು ಮಾತಾಡಿದೆ. ಎರಡು ವರ್ಷದಲ್ಲಿ ನಾನು ಅಷ್ಟು ಸುಖವಾಗಿ ಕೂತ ಗಳಿಗೆ ಇನ್ನೊಂದಿಲ್ಲ.

ಮೂರು ಗಂಟೆಗೆ ಚಳಿ ಹತ್ತಿತು. ಹಲ್ಲು ಕಟಕಟ ಅನ್ನುತ್ತಿತ್ತು, ಹೊಟ್ಟೆಯೆಲ್ಲ ಹಲಗೆಯ ಹಾಗೆ ಬಿಗಿದುಕೊಂಡಿತು. ನೋವು ತಿರುಗಿ ಬಂತು, ಈ ಸಲ ಎಲ್ಲ ಕಡೆ. ಅತ್ತೆ ನನ್ನನ್ನು ಕೇಳಲೇ ಇಲ್ಲ. ಮಗನಿಗೆ ಫೋನು ಹಚ್ಚಿ, "ಜಲ್ದಿ ಗಾಡಿ ತಗೊಂಡ ಬಾ, ನಿನ್ನ ಹೆಂಡ್ತಿ ಕೈಬಿಟ್ಟು ಹೋಗಾಕತ್ತಾಳ" ಎಂದು ಕೂಗಿದರು. ದೇವದುರ್ಗದಲ್ಲಿ ಡಾಕ್ಟರು ಹೊಟ್ಟೆ ಮುಟ್ಟಿದ ಕೂಡಲೇ, "ಇಲ್ಲಿ ಆಗೂದಿಲ್ಲ, ರಾಯಚೂರಿಗಿ ಒಯ್ರಿ, ಈಗಿಂದೀಗ" ಎಂದರು. ರಾಯಚೂರಿನ ದಾರಿ ನನಗೆ ಚಿಕ್ಕಂದಿನಿಂದ ಗೊತ್ತು, ಆದರೆ ಅದರಲ್ಲಿ ಎಷ್ಟು ಹಂಪುಗಳಿವೆ ಎಂದು ಅವತ್ತು ಹೊಟ್ಟೆಗೆ ಗೊತ್ತಾಯಿತು. ಪ್ರತಿ ಹಂಪಿಗೂ ಗಂಡ ಮೊದಲೇ, "ಬಂತು, ಗಟ್ಟಿ ಹಿಡಕೋ" ಎನ್ನುತ್ತಿದ್ದ. ಅತ್ತೆ ಹಿಂದಿನ ಸೀಟಿನಲ್ಲಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯಲ್ಲಿ ಬಂದ ಗುಡಿ, ದರ್ಗಾ ಒಂದನ್ನೂ ಬಿಡದೆ ಹರಕೆ ಹೊತ್ತರು.

ಸ್ಕ್ಯಾನಿಂಗ್ ಕೋಣೆಯ ಹೊರಗೆ ಸ್ಟ್ರೆಚರಿನ ಮೇಲೆ ಕಾಯುತ್ತಾ ಮಲಗಿದ್ದು ನೆನಪಿದೆ. ಎದುರಿನ ಬೆಂಚಿನಲ್ಲಿ ಒಬ್ಬ ಹೆಂಗಸು ಕೂಸಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಮುರಿದು ಬಿದ್ದ ಚೂರನ್ನು ಕೂಸು ಹೆಕ್ಕಿ ನನ್ನ ಕೈಗೆ ಕೊಡಲು ಬಂತು. ಸಾಯುವುದಕ್ಕೆ ನನಗೆ ಹೆದರಿಕೆಯಾದದ್ದು ಆಗಲೇ, ಆ ಚೂರನ್ನು ನೋಡಿ. ಅದಕ್ಕಿಂತ ಮೊದಲು, ಹೋದರೆ ಅಪ್ಪನ ಹತ್ತಿರ ತಾನೇ ಎಂಬ ಯೋಚನೆ ಒಂದೆರಡು ಸಲ ಬಂದು ಹೋಗಿತ್ತು. ಸುಳ್ಳೇಕೆ ಹೇಳಲಿ?

ಆಪರೇಷನ್ ಅವತ್ತು ರಾತ್ರಿಯೇ ಆಯಿತು. ಎಚ್ಚರವಾದಾಗ ಮೂಗಿನಲ್ಲಿ ಒಂದು ನಳಿಗೆ, ಹೊಟ್ಟೆಯ ಬದಿಯಲ್ಲಿ ಇನ್ನೊಂದು. ಮರುದಿನ ಬಂದ ಸರ್ಜನ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಾಳೆ ನೋಡುತ್ತಾ, "ಅಪೆಂಡಿಕ್ಸ್ ಒಡದು ಕೀವೆಲ್ಲಾ ಹೊಟ್ಟಿ ತುಂಬಾ ಆಗಿತ್ತಮ್ಮಾ. ನಡುವ ಒಮ್ಮೆಲೇ ನೋವು ಕಮ್ಮಿ ಆಗಿತ್ತೇನು?" ಎಂದು ಕೇಳಿದರು.

"ಹೌದ್ರಿ. ನಿನ್ನೆ ಹತ್ತು ಗಂಟೆಕ್ಕ."

"ಆವಾಗಲೇ ಒಡದದ್ದು" ಎಂದರು. ಹೇಳಿ ಮುಂದಿನ ಮಂಚಕ್ಕೆ ಹೋದರು.

ನಾನು ಅಡಿಗೆಮನೆಯಲ್ಲಿ ಅತ್ತೆಯ ಕೈ ಹಿಡಿದು ಖುಷಿಯಿಂದ ಅತ್ತೆನಲ್ಲ, ಅಪ್ಪ ಬಂದರು ಅಂದುಕೊಂಡೆನಲ್ಲ, ಅದೇ ಗಳಿಗೆ. ಆ ಮಾತು ಹೊಟ್ಟೆಯ ಗಾಯಕ್ಕಿಂತ ಆಳಕ್ಕೆ ಇಳಿಯಿತು. ಮೊದಲು ನಾಚಿಕೆಯಾಯಿತು. ಆಮೇಲೆ ಅಪ್ಪನ ಮೇಲೆ ಸಿಟ್ಟು ಬಂತು. ಜನ್ಮದಲ್ಲಿ ಮೊದಲ ಸಲ. ಇದೆಂಥ ಪುಸ್ತಕ ಬಿಟ್ಟುಹೋದಿ ಅಪ್ಪಾ, ಎಷ್ಟು ಜನಕ್ಕೆ ಹೀಗೆ ಮಾಡಿದ್ದಿ, ಕಟ್ಟೆಯ ಮೇಲೆ ಕೂತು ನಗುತ್ತಿದ್ದ ಅವರಲ್ಲಿ ಎಷ್ಟು ಜನ ಹೀಗೆ ಮಲಗಿದರು ಎಂದು ಒಳಗೊಳಗೇ ಬೈದೆ. ಬೈದಷ್ಟೂ ಅವರು ದೂರ ಹೋದರು. ಕನಸಿನಲ್ಲಿ ಬರುವುದನ್ನೂ ಬಿಟ್ಟರು. ಜೀವ ಉಳಿಯಿತು, ಅಪ್ಪ ಮಾತ್ರ ಈಗ ನಿಜವಾಗಿ ಹೋದರು ಅನ್ನಿಸಿತು.

ಗಂಡ ರಜೆ ಹಾಕಿ ಕೂತಿದ್ದ. ನೀರು ಕೊಡುವ ಹಾಗಿರಲಿಲ್ಲ, ಅರ್ಧ ಗಂಟೆಗೊಮ್ಮೆ ಹತ್ತಿ ತೋಯಿಸಿ ತುಟಿಗೆ ಹಚ್ಚುತ್ತಿದ್ದ. ಮೂರನೆಯ ದಿನ, ಹತ್ತಿ ಹಿಡಿದುಕೊಂಡೇ, "ನನಗ ಒಂದ ಮಾತು ಹೇಳಿದ್ರ ಏನಾಗ್ತಿತ್ತು ನಿನಗ?" ಎಂದ.

"ನೀವು ಕೇಳಲಿಲ್ಲ."

"ನನಗ ಕೇಳಾಕ ಬರೂದಿಲ್ಲ ಸುಮಾ. ನಿಮ್ಮಪ್ಪನಂಗ ಬರೂದಿಲ್ಲ ನನಗ. ಗೊತ್ತದಲ್ಲ ನಿನಗ." ಕಣ್ಣು ಕೆಂಪಗಾಗಿದ್ದವು. ಹತ್ತಿ ತೋಯಿಸುವ ನೆಪದಲ್ಲಿ ಆ ಕಡೆ ತಿರುಗಿದ. ಎಲ್ಲವನ್ನೂ ಅವನಿಗೆ ಅವತ್ತೇ ಹೇಳಿದೆ, ಗುಳಿಗೆ, ಚೌಕುಳಿ, ಸುಳ್ಳು ಉತ್ತರ, ಎಲ್ಲ. ಅವನು ಬೈಯಲಿಲ್ಲ. ಅಪ್ಪನ ಬಗ್ಗೆಯೂ ಒಂದು ಕೆಟ್ಟ ಮಾತಾಡಲಿಲ್ಲ.

ಇಲ್ಲಿ ಓದುವವರಿಗೆ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ನಾನು ನಿಜವಾದ ಉತ್ತರ ಬರೆದು ಬೇರೆ ಗುಳಿಗೆ ತೆಗೆದುಕೊಂಡಿದ್ದರೆ ಆಪರೇಷನ್ ತಪ್ಪುತ್ತಿತ್ತೇ ಎಂದು ಕೇಳಬೇಡಿ. ತಪ್ಪುತ್ತಿರಲಿಲ್ಲ. ಅದು ಕತ್ತರಿಸಿ ತೆಗೆಯಬೇಕಾದ ಕಾಯಿಲೆ, ಗುರುವಾರವೇ ಹೋಗಬೇಕಿತ್ತು. ಹೊಟ್ಟೆನೋವು ಒಂದು ಕಡೆ ಇಳಿದು ಕೂತರೆ ಯಾವ ಪುಸ್ತಕವನ್ನೂ ತೆರೆಯಬೇಡಿ, ಬಸ್ಸು ಹತ್ತಿ.

ಐದನೆಯ ದಿನ ಪಕ್ಕದ ಮಂಚಕ್ಕೆ ಹುಸೇನಮ್ಮ ಎಂಬ ಹೆಂಗಸು ಬಂದಳು. ಅರವತ್ತರ ಹತ್ತಿರ ವಯಸ್ಸು, ಕವಿತಾಳದವಳು, ಪಿತ್ತಕೋಶದ ಕಲ್ಲು ತೆಗೆಸಿಕೊಂಡಿದ್ದಳು. ನೋವಿನಲ್ಲೂ ಬಾಯಿ ಸುಮ್ಮನಿರುವ ಜಾತಿಯಲ್ಲ. ನನ್ನ ಕುಲಗೋತ್ರ ಎಲ್ಲ ವಿಚಾರಿಸಿದಳು. ತವರುಮನೆ ಯಾವೂರು ಎಂದಳು, ಮಾನ್ವಿ ಎಂದೆ. ಯಾರ ಪೈಕಿ ಎಂದಳು. ಹೇಳಲು ಮನಸ್ಸಿರಲಿಲ್ಲ, ಆದರೂ ಹೇಳಿದೆ.

"ಯವ್ವಾ! ಗುಳಿಗಿ ಮಾಸ್ತರ ಮಗಳೇನು ನೀನು?" ಎಂದು ಅರ್ಧ ಎದ್ದಳು. "ಅವರಿಂದ ಬದಕೀನವ್ವಾ ನಾನು."

ನನಗೆ ನಗು ಬಂತು, ಕಹಿ ನಗು. "ಗುಳಿಗಿ ಕೊಟ್ಟಿದ್ರೇನು?" ಎಂದೆ.

"ಎಲ್ಲಿ ಗುಳಿಗಿ! ಕೊಡಲೇ ಇಲ್ಲ. ಮೂರ ಮಕ್ಕಳಾಗಿದ್ವು ನನಗ ಆವಾಗ. ಹೊಟ್ಟಿ ಹಿಡಕೊಂಡು ನಿಮ್ಮ ಕಟ್ಟಿ ಮ್ಯಾಲ ಕುಂತೆ. ಅವರು ಪುಸ್ತಕ ತಗದು ಕೇಳಾಕ ಹತ್ತಿದ್ರು, ನೀರಡಿಕಿ ಹ್ಯಾಂಗ ಅದ, ನಿದ್ದಿ ಹ್ಯಾಂಗ ಅದ. ಆಮ್ಯಾಲ ಏನ ಅನಿಸ್ತೋ ಏನೋ, ಅಲ್ಲೇ ಚಾಪಿ ಮ್ಯಾಲ ಮಲಗು ಅಂದ್ರು. ಹೊಟ್ಟಿ ಮ್ಯಾಲ ಕೈ ಇಟ್ರು. ಮೆತ್ತಗ ಒತ್ತಿ ಪಟ್ನ ಬಿಟ್ರು ನೋಡು, ನಾನು ಚೀರಿದ್ದು ಮಾನ್ವಿ ಸಂತಿಗಿ ಕೇಳಿಸಿರಬೇಕು. ಪುಸ್ತಕ ಮುಚ್ಚಿಬಿಟ್ರು. ಇದು ನನ್ನ ಪುಸ್ತಕದಾಗಿಂದು ಅಲ್ಲವ್ವ ಅಂದ್ರು. ಕಟ್ಟಿ ಮ್ಯಾಲ ಮಂದಿ ಹಂಗ ಕುಂತಿತ್ತು, ಎಲ್ಲಾರನೂ ಬಿಟ್ಟು, ಟಂಟಂ ಆಟೋ ಮಾಡಿ ನನ್ನ ಇಲ್ಲೇ ರಾಯಚೂರಿಗಿ ಕರಕೊಂಡ ಬಂದ್ರು. ನನ್ನ ಗಂಡ ಬರೋತನಕಾ ಹೊರಗ ಕುಂತಿದ್ರು. ನಿಂದು ಎಲ್ಲಿ ಕೊಯ್ದಾರ ಈಗ, ಅಲ್ಲೇ ನಂದೂ ಅದ, ಹಳೇದು."

ಅಪ್ಪ ಈ ಸುದ್ದಿಯನ್ನು ಮನೆಯಲ್ಲಿ ಯಾವತ್ತೂ ಹೇಳಿರಲಿಲ್ಲ. ಅವರ ಪುಸ್ತಕ, ಅವರ ಪೆಟ್ಟಿಗೆ, ಅವರ ಅಕ್ಷರ ಎಲ್ಲ ನನ್ನ ಹತ್ತಿರ ಇತ್ತು, ಅವರು ಪುಸ್ತಕ ಮುಚ್ಚಿದ್ದು ಮಾತ್ರ ಕವಿತಾಳದ ಈ ಹೆಂಗಸಿನ ಹತ್ತಿರ ಇತ್ತು. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅಪ್ಪ ಇದ್ದಿದ್ದರೆ ಗುರುವಾರವೇ ನನ್ನನ್ನು ಎತ್ತಿಕೊಂಡು ಬಂದು ಇಲ್ಲಿ ಹಾಕುತ್ತಿದ್ದರು. ಅಪ್ಪ ಇದ್ದಿದ್ದರೆ! ಐದು ದಿನದಿಂದ ಬೈದು ಬೈದು ಒಣಗಿದ್ದ ಕಣ್ಣು ಆಗ ಸುರಿಯತೊಡಗಿತು. ಅತ್ತರೆ ಹೊಲಿಗೆ ಎಳೆಯುತ್ತದೆ, ಆದರೂ ನಿಲ್ಲಲಿಲ್ಲ.

"ಅಳಬ್ಯಾಡವ್ವ, ಹೊಲಿಗಿ ಬಿಚ್ಯಾವು" ಎಂದಳು ಹುಸೇನಮ್ಮ.

"ಇನ್ನೊಮ್ಮಿ ಹೇಳ್ರಿ" ಎಂದೆ.

"ಯಾವುದು? ಟಂಟಂ ಮಾಡಿದ್ದೇನು?"

"ಅಲ್ಲ. ಕೈ ಇಟ್ಟದ್ದು."

ಅವಳು ನನ್ನನ್ನು ನೋಡಿದಳು. ಏನು ತಿಳಿಯಿತೋ, ತನ್ನ ಹೊಟ್ಟೆಯನ್ನು ಒಂದು ಕೈಯಿಂದ ಹಿಡಿದುಕೊಂಡು ಉಸ್ ಉಸ್ ಎನ್ನುತ್ತಾ ಮಂಚ ಇಳಿದಳು, ಸಲೈನ್ ಕಂಬವನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದಳು. ಹೊದಿಕೆಯ ಮೇಲೆ, ಗಾಯಕ್ಕೆ ತಾಗದ ಹಾಗೆ, ಅಂಗೈಯನ್ನು ಮೆಲ್ಲಗೆ ಇಟ್ಟಳು.

"ಇಲ್ಲಿ ಇಟ್ಟಿದ್ರು. ಹಿಂಗ" ಎಂದಳು.

ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಅವಳು ಕೈ ತೆಗೆಯಲು ಹೋದಳು.

"ಇರಲಿ ಬಿಡ್ರಿ" ಎಂದೆ. "ಇನ್ನೂ ಒಂದೀಟು ಹೊತ್ತು ಇರಲಿ."